ಕರಂಜ್‌ಗೆ, ಸೇಡಂದಿಂದ

ಪ್ರೀತಿಯ ಕರಂಜ್,

ಮೊದಲ ನನ್ನ ಗುರ್ತು ಹೇಳ್ತೀನಿ. ನಾ ಸೇಡಂದಾಕಿ. ಹುಟ್ಟಿ ಬೆಳೆದದ್ದು ವಾಡಿ ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸ್‌ದಾಗ. ಅಪ್ಪ ಅಲ್ಲೇ ಪಾಯಿಂಟ್ಸ್‌ಮನ್ ಇದ್ದ. ಚಿತ್ತಾಪುರದಾಗ, ಸೇಡಂದಾಗ ಸಾಲಿ ಮಕ್ಕಳಿಗೆ ಭೂಗೋಳ ಕಲಿಸಿ ಈಗ ರಿಟೈರ್ ಆಗಿ ಕುಂತೀನಿ. ‘ಉಭಯ ಕುಶಲೋಪರಿ ಸಾಂಪ್ರತ’ ಅಂತ ಬರೆದು ಕಾಗದ ಸುರು ಮಾಡೋ ಕಾಲದಾಕಿ. ನಿನಗ ಹಂಗ ಬರೀಲಿಕ್ಕೆ ಮನಸ್ಸು ಬರವಲ್ದು. ನಿನ್ನ ಕುಶಲ ಕೇಳಬೇಕಂದ್ರ ಯಾವ ಬಂದರಕ್ಕ ಬರೀಲಿ? ನಮ್ಮ ನೌಕಾಪಡೆಯ ಜಲಾಂತರ್ಗಾಮಿ ನೀ, 2003ರ ಆಗಸ್ಟ್ 1ಕ್ಕ ನಿನ್ನ ಬಾವುಟ ಇಳಿಸಿ ಸೇವಾದಿಂದ ಬಿಡಿಸಿದ್ರು. ಅಲ್ಲಿಂದ ಮುಂದ ‘ಕರಂಜ್ ಎಲ್ಲದಾಳ?’ ಅಂತ ಯಾರರ ಕೇಳಿದ್ರ ಕೈ ಮಾಡಿ ತೋರಿಸಲಿಕ್ಕೆ ಒಂದು ಜಾಗ ಇಲ್ಲ.

ನಿನ್ನ ಅಕ್ಕತಂಗೇರ ಗತಿ ಬ್ಯಾರೆ ಆತು. ಕುರ್ಸುರಾನ್ನ ವಿಶಾಖಪಟ್ಟಣದ ಆರ್.ಕೆ. ಬೀಚಿನ ಉಸುಕಿನ ಮ್ಯಾಲ ಎಳೆದು ತಂದು ನಿಲ್ಲಿಸ್ಯಾರ. 2002ರಿಂದ ಮಂದಿ ಟಿಕೆಟ್ ತಗೊಂಡು ಒಳಗ ಹೋಗಿ ನೋಡ್ತಾರ. ಖಂಡೇರಿಯ ಬೆನ್ನ ಮ್ಯಾಲಿನ ಗೋಪುರ ಅದೇ ಊರಿನ ಐಎನ್‌ಎಸ್ ಸಾತವಾಹನ ಅನ್ನೋ ನೌಕಾ ತರಬೇತಿ ಕೇಂದ್ರದ ಪರೇಡ್ ಮೈದಾನದಾಗ ನಿಂತದ. ನೀ ಸುಮಾರು 34 ವರ್ಷ ದುಡಿದಾಕಿ, ಯುದ್ಧಕ್ಕ ಹೋಗಿ ಬಂದಾಕಿ. ನಾ ಮುಟ್ಟಿ ನೋಡ್ತೀನಿ ಅಂದ್ರ ನಿನ್ನ ಒಂದು ತುಂಡು ಕಬ್ಬಿಣ ಎಲ್ಲದ ಹೇಳು?

ಇದನ್ನ ನೆನಸಿದಾಗೆಲ್ಲ ಹೊಟ್ಟಿ ಉರೀತದ. ಅದಕ್ಕ ಕಾಗದ ಬರೀಲತ್ತೀನಿ. ನೀರಿನ ಕೆಳಗ ಇದ್ದು ಬರೇ ಸಪ್ಪಳ ಕೇಳೇ ಎಲ್ಲಾ ತಿಳ್ಕೊಂಡಾಕಿ ನೀ. ನಾ ಅಂದದ್ದೂ ಎಲ್ಲೋ ಒಂದು ಕಡೆ ನಿನಗ ಕೇಳಸ್ತದ ಅಂತ ನನ್ನ ನಂಬಿಕಿ.

ಸಮುದ್ರ ಇಲ್ಲದ ಊರಾಕಿಗೆ ನನ್ನ ಜೋಡಿ ಏನ್ ಸಂಬಂಧ ಅಂತೀಯೇನು? ನಮ್ಮ ನಿನ್ನ ಸಂಬಂಧ ರೈಲಿನಿಂದ ಬಂದದ್ದು. ನಿಜಾಮನ ಕಾಲದಾಗ, 1874ರಾಗ, ವಾಡಿಯಿಂದ ಸಿಕಂದರಾಬಾದಿಗೆ ಹಳಿ ಬಿತ್ತು. ವಾಡಿ ಬಿಟ್ಟರ ಚಿತ್ತಾಪುರ, ಆಮ್ಯಾಲ ಮಳಖೇಡ ರೋಡ್, ಸೇಡಂ, ತಾಂಡೂರು ಅಂತ ಗಾಡಿ ಮೂಡಣಕ್ಕ ಹೋಗ್ತದ. ಈ ಕಡೆ ಶಹಾಬಾದ, ಕಲಬುರಗಿ, ಸೊಲ್ಲಾಪುರ ದಾಟಿದ್ರ ಮುಂಬೈ. ಒಂದು ತುದಿಗೆ ಮುಂಬೈ ಬಂದರ, ಇನ್ನೊಂದು ತುದಿಗೆ ವಿಶಾಖಪಟ್ಟಣದ ಬಂದರ, ನಡುವ ನಮ್ಮ ಒಣ ಭೂಮಿ. ನೀ ಒಂದು ಸಮುದ್ರದಿಂದ ಇನ್ನೊಂದು ಸಮುದ್ರಕ್ಕ ಹೋಗಬೇಕಂದ್ರ ಕನ್ಯಾಕುಮಾರಿ, ಶ್ರೀಲಂಕಾ ಎಲ್ಲಾ ಸುತ್ತಿ ಹೋಗಬೇಕಿತ್ತು. ನೇವಿ ಹುಡುಗರು ಟ್ರಂಕ್ ಹೊತ್ಕೊಂಡು ವಾಡಿದಾಗ ಇಳಿದು, ಚಾ ಕುಡಿದು, ಇನ್ನೊಂದು ಗಾಡಿ ಹತ್ತಿ ಹೋಗ್ತಿದ್ರು. ಬಿಳಿ ಅರಿವಿ ತೊಟ್ಟವರು ನಮ್ಮ ಕಣ್ಣಿಗೆ ಎದ್ದು ಕಾಣ್ತಿದ್ರು. ಎಂಜಿನ್ನಿನ ಇದ್ದಲಿ ಹೊಗಿಯೊಳಗ ಆ ಬಿಳಿ ಎಷ್ಟೊತ್ತು ಬಿಳೀ ಇರ್ತದ ಅಂತ ಅವ್ವ ಚಿಂತಿ ಮಾಡ್ತಿದ್ಲು. ಅವರೊಳಗ ನಿನ್ನ ಹುಡುಗರು ಎಷ್ಟು ಮಂದಿ ಇದ್ರೋ! ಮೀಸಿ ಈಗಷ್ಟೇ ಚಿಗಿತ ಒಬ್ಬ ಅಧಿಕಾರಿ ಅಪ್ಪನ್ನ ‘ಸಿಕಂದರಾಬಾದ್ ಗಾಡಿ ಎಷ್ಟೊತ್ತಿಗೆ’ ಅಂತ ಹಿಂದಿಯೊಳಗ ಕೇಳಿ, ನನ್ನ ಕೈಯಾಗ ಒಂದು ಪೆಪ್ಪರಮಿಂಟ್ ಇಟ್ಟು ಹೋಗಿದ್ದು ನೆನಪದ. ಅವ ನಿನ್ನಾವನೇ ಅಂತ ನಾ ಆಮ್ಯಾಲ ನಿಶ್ಚಯ ಮಾಡ್ಕೊಂಡೀನಿ. ಬ್ಯಾಡ ಅನ್ನಬ್ಯಾಡ.

ಇನ್ನೊಂದು ಮಾತು ಹೇಳ್ತೀನಿ. ಇದನ್ನ ನನ್ನ ಸಾಲಿ ಮಕ್ಕಳಿಗೆ ಪ್ರತಿ ವರ್ಷ ಹೇಳ್ತಿದ್ದೆ. ದೇಶ ತುಂಬ ಮನಿಮನಿಯೊಳಗ ಹಾಸ್ಯಾರಲ್ಲ ಶಹಾಬಾದ ಫರಸಿ, ಅದು ಸುಣ್ಣದಕಲ್ಲು. ಕೋಟಿಗಟ್ಟಲೆ ವರ್ಷದ ಹಿಂದ ಇಲ್ಲೇ ಇದ್ದ ಆಳ ಇಲ್ಲದ ಸಮುದ್ರದ ತಳದಾಗ ಪದರ ಪದರ ಕುಂತು ಕಲ್ಲಾದದ್ದು. ಭೂವಿಜ್ಞಾನದವರು ಈ ಬಂಡಿಗೋಳನ್ನ ಭೀಮಾ ಗುಂಪು ಅಂತಾರ, ಅದರೊಳಗಿನ ಒಂದು ಭಾಗಕ್ಕ ನಮ್ಮ ಸೇಡಂ ಹೆಸರೇ ಇಟ್ಟಾರ. ವಾಡಿ, ಸೇಡಂ ಫ್ಯಾಕ್ಟರಿಗೋಳು ಸಿಮೆಂಟ್ ಮಾಡಲಿಕ್ಕೆ ಸುಡಲತ್ತಿದ್ದು ಆ ಸಮುದ್ರದ ತಳಾನೇ. ಈಗ ನಮ್ಮಲ್ಲಿ ನೀರು ಅಂದ್ರ ಕಾಗಿಣಾ, ಭೀಮಾ, ಮತ್ತ ಚಿಂಚೋಳಿ ಅಡವಿಯೊಳಗಿನ ಚಂದ್ರಂಪಳ್ಳಿ ಡ್ಯಾಮ್. ಆದ್ರ ನಾ ಕುಂತ ಈ ಪಡಸಾಲಿ ಒಂದು ಕಾಲಕ್ಕ ನಿನ್ನಂಥಾಕಿ ಓಡಾಡೋ ಜಾಗ. ಮಳಖೇಡ ಇಲ್ಲಿಂದ ಹತ್ರ. ರಾಷ್ಟ್ರಕೂಟರ ರಾಜಧಾನಿ ಅದು. ಒಂಬತ್ತನೇ ಶತಮಾನದಾಗ ಹಡಗು ಹತ್ತಿ ಬಂದ ಅರಬ ವರ್ತಕರು ಅಲ್ಲಿಯ ರಾಜನ್ನ ‘ಬಲ್ಹರಾ’ ಅಂತ ಕರೆದು, ಲೋಕದ ನಾಕು ದೊಡ್ಡ ರಾಜರೊಳಗ ಒಬ್ಬ ಅಂತ ಬರೆದಿಟ್ಟಾರ. ಸಮುದ್ರ ಕಾಣದ ಊರಿನ ಹೆಸರು ಸಮುದ್ರದ ಮಂದಿ ಬಾಯಾಗ ಇತ್ತು. ಅದಕ್ಕ ನಿನಗ ಕಾಗದ ಬರೀಲಿಕ್ಕೆ ನನಗ ಸಂಕೋಚ ಇಲ್ಲ.

ಸರಿ, ನಿನ್ನ ಕಥಿಗೆ ಬರ್ತೀನಿ.

1969ರ ಸೆಪ್ಟೆಂಬರ್ 4ಕ್ಕ ರೀಗಾ ಬಂದರದಾಗ ನಿನಗ ನಮ್ಮ ಬಾವುಟ ಏರಿಸಿದ್ರು. ಆಗ ರೀಗಾ ಸೋವಿಯತ್ ಒಕ್ಕೂಟದಾಗ ಇತ್ತು, ಈಗ ಲಾಟ್ವಿಯಾ ದೇಶದ ರಾಜಧಾನಿ. ನಿನ್ನ ಮೊದಲ ಕ್ಯಾಪ್ಟನ್ ಕಮಾಂಡರ್ ಎಂ.ಎನ್.ಆರ್. ಸಾಮಂತ್. ನಿನಗಿಂತ ಮೊದಲ ಕಲ್ವರಿ ಸೇವಾಕ್ಕ ಸೇರಿದ್ಲು, 1967ರ ಡಿಸೆಂಬರ್ 8ಕ್ಕ. ನಮ್ಮ ದೇಶದ ಮೊದಲನೇ ಜಲಾಂತರ್ಗಾಮಿ. ಆಮ್ಯಾಲ ಖಂಡೇರಿ, ನೀ, ಕಡೀಕ ಕುರ್ಸುರಾ. ಅಂದ್ರ 1971ರ ಯುದ್ಧ ಬಂದಾಗ ನಮ್ಮ ಸಬ್‌ಮರೀನ್ ದಳದ ವಯಸ್ಸು ಬರೇ ನಾಕು ವರ್ಷ. ನಿನ್ನೊಳಗ ಇದ್ದ ಹುಡುಗರಿಗೆ ಹಿರೀಕರ ಅಂತ ಹೇಳಿಕೊಡಲಿಕ್ಕೆ ನಮ್ಮ ದೇಶದಾಗ ಯಾರೂ ಇರಲಿಲ್ಲ. ಪರದೇಶಕ್ಕ ಹೋಗಿ, ರಷ್ಯನ್ ಅಕ್ಷರ ತಿದ್ದಿ, ಯಾವ ವಾಲ್ವ್ ಯಾಕದ ಅಂತ ಆ ಭಾಷಾದಾಗ ಬಾಯಿಪಾಠ ಮಾಡಿ ಬಂದವರು ಅವರು. ಕನ್ನಡ ಸಾಲಿಯೊಳಗ ಕಲಿತು ಮುಂದ ಇಂಗ್ಲಿಷಿನ ಮುಂದ ತಡವರಿಸಿದ ನನ್ನಂಥಾಕಿಗೆ ಆ ಹುಡುಗರ ಮ್ಯಾಲ ಎಷ್ಟು ಅಕ್ಕರಿ ಬರ್ತದ ಗೊತ್ತೇನು?

ಮನಿಗೆ ಬರೋ ದಾರಿಯೂ ಸಣ್ಣದಿರಲಿಲ್ಲ. 1967ರ ಅರಬ್-ಇಸ್ರೇಲ್ ಯುದ್ಧಕ್ಕ ಮುಚ್ಚಿದ ಸುಯೆಜ್ ಕಾಲುವಿ 1975ರ ತನಕ ತೆರೀಲಿಲ್ಲ. ಹಂಗಾಗಿ ನೀವು ಆಫ್ರಿಕಾ ಖಂಡ ಸುತ್ತಿ, ಗುಡ್‌ಹೋಪ್ ಭೂಶಿರ ಬಳಸಿ ಬಂದ್ರಿ. ಭೂಪಟದ ಮ್ಯಾಲ ಕೋಲು ಹಿಡಿದು ಆ ದಾರಿ ನಾ ಎಷ್ಟು ಸಲ ತೋರಿಸೀನಿ! ವಾಸ್ಕೋ ಡ ಗಾಮಾನ ಪಾಠ ಬಂದಾಗ ನಿನ್ನ ಹೆಸರೂ ಹೇಳ್ತಿದ್ದೆ. ಪುಸ್ತಕದಾಗ ನೀ ಇರಲಿಲ್ಲ, ಇದ್ದದ್ದು ನನ್ನ ಬಾಯಾಗ.

ನಿನ್ನ ಒಳಗ ಹ್ಯಾಂಗಿತ್ತು ಅನ್ನೋದು ನಾ ನೋಡಿದ್ದು ಕುರ್ಸುರಾದಾಗ. ನಿಮ್ಮಿಬ್ಬರದೂ ಒಂದೇ ಅಚ್ಚು. ಫಾಕ್ಸ್‌ಟ್ರಾಟ್ ಅಂತಾರ ನಿಮ್ಮ ಜಾತಿಗೆ. ಉದ್ದ 91 ಮೀಟರ್ ಮ್ಯಾಲ, ಅಗಲ ಬರೇ 8 ಮೀಟರ್. ಏಳು ಖೋಲಿ, ಒಂದರಿಂದ ಒಂದಕ್ಕ ಹೋಗಬೇಕಂದ್ರ ಗುಂಡನ ಕಿಂಡಿಯೊಳಗ ಮೊದಲ ಕಾಲು, ಆಮ್ಯಾಲ ತೆಲಿ ತೂರಿಸಬೇಕು. ಮುಂದಿನ ಮೂತಿಗೆ ಆರು, ಹಿಂದ ನಾಕು, ಒಟ್ಟು ಹತ್ತು ಟಾರ್ಪೆಡೊ ಕೊಳವಿ. 22 ಟಾರ್ಪೆಡೊ ಹಿಡೀತಿದ್ವು. ಅವುಗಳ ಮಗ್ಗಲಿಗೇ ಹುಡುಗರು ಮಲಗೋ ಹಲಗಿ. 75 ಮಂದಿ ಇರೋ ಜಾಗ ಅದು, ಅದರೊಳಗ ಅಧಿಕಾರಿಗಳು 8 ಮಂದಿ. ಅಲ್ಲಿ ತಿರುಗಿಸಿ ತೋರಿಸೋರೂ ನೇವಿಯಿಂದ ರಿಟೈರ್ ಆದವರೇ. ಯಾವ ಗಾಲಿ ತಿರುವಿದ್ರ ಏನಾಗ್ತದ ಅಂತ ಹೇಳೋವಾಗ ಅವರ ಕೈ ತಾನೇ ಅತ್ತ ಹೋಗ್ತಿತ್ತು.

ಅಲ್ಲಿ ನಿಂತಾಗ ನನಗ ನಮ್ಮ ಅಜ್ಜಿ ಮನಿಯ ಹಗೇವು ನೆನಪಾತು. ಜೋಳ ತುಂಬಿ ಮುಚ್ಚಿಟ್ಟ ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಒಳಗ ಇಳೀಬಾರದು. ಮೊದಲ ದೀಪ ಇಳಿಬಿಟ್ಟು, ಅದು ಆರಲಿಲ್ಲಂದ್ರ ಮನಷ್ಯಾ ಇಳೀಬೇಕು ಅಂತಿದ್ಲು ಅಜ್ಜಿ. ನಿನ್ನ ಹುಡುಗರು ಅಂಥ ಗಾಳಿಯೊಳಗ ದಿನಾ ಎದ್ದು, ಉಂಡು, ಮಲಗಿದವರು. ಹಗಲೆಲ್ಲ ನೀರಿನ ಕೆಳಗ ಬ್ಯಾಟರಿ ಮ್ಯಾಲ ನಡೀಬೇಕು. ರಾತ್ರಿ ಗಾಳಿಕೊಳವಿ ಒಂದನ್ನ ನೀರಿನ ಮ್ಯಾಲ ಚಾಚಿ ಡೀಸೆಲ್ ಎಂಜಿನ್ ಹಚ್ಚಿ ಬ್ಯಾಟರಿ ತುಂಬಿಸಬೇಕು. ತೆರಿ ಬಂದು ಕೊಳವಿ ಬಾಯಿ ಮುಚ್ಚಿದ್ರ ಎಂಜಿನ್ ಒಳಗಿನ ಗಾಳೀನೇ ಎಳೀತದ, ಎಲ್ಲರ ಕಿವಿ ಗಪ್ಪನ ಕಟ್ಟತದ. ಎಂಜಿನ್ ಸಪ್ಪಳಕ್ಕ ವೈರಿಗೆ ಗೊತ್ತಾಗೋ ಭಯ, ಸುಮ್ಮನಿದ್ರ ಬ್ಯಾಟರಿ ಖಾಲಿ ಆಗೋ ಭಯ. ಕುಡಿಯೋ ನೀರು ಅಳತಿ ಮ್ಯಾಲ, ಜಳಕದ ಮಾತೇ ಇಲ್ಲ. ಅರಿವಿಗೆ, ಹಾಸಿಗಿಗೆ, ಉಣ್ಣೋ ಅನ್ನಕ್ಕ ಎಲ್ಲಾ ಡೀಸೆಲ್ ವಾಸನಿ. ಬರಗಾಲದ ಸೀಮಿಯಾಕಿ ನಾ, ಕೊಡಪಾನ ನೀರಿನ ಬೆಲಿ ಬಲ್ಲಾಕಿ. ಸುತ್ತ ಮುತ್ತ ಸಮುದ್ರ ಇಟ್ಕೊಂಡು ಮೈ ತೊಳೀಲಿಕ್ಕೆ ನೀರಿಲ್ಲದ ಆ ಹುಡುಗರ ಸಂಕಟ ನನಗ ಬಿಡಿಸಿ ಹೇಳೋದು ಬ್ಯಾಡ.

ಈಗ 1971ರ ಆ ಡಿಸೆಂಬರ್.

ನಮ್ಮಲ್ಲಿ ಥಂಡಿ ಬಿದ್ದಿತ್ತು, ಹೊಲದಾಗ ತೊಗರಿ ಕಾಯಿ ತುಂಬಿ ನಿಂತಿತ್ತು. ನಮ್ಮ ಚಾಳಿನೊಳಗ ರೇಡಿಯೋ ಇದ್ದದ್ದು ಒಂದೇ ಮನಿಯಾಗ. ಸಂಜಿ ವಾರ್ತಾಕ್ಕ ಅಂಗಳ ತುಂಬ ಮಂದಿ. ಡಿಸೆಂಬರ್ 3ರ ಸಂಜಿಕ ಪಾಕಿಸ್ತಾನದ ವಿಮಾನಗಳು ನಮ್ಮ ವಿಮಾನ ನೆಲೆಗಳ ಮ್ಯಾಲ ಬಾಂಬ್ ಹಾಕಿದ್ವು, ಯುದ್ಧ ಸುರು ಆತು. ನಮಗ ಅದು ಮೊದಲನೇ ದಿನ. ನಿನಗಲ್ಲ. ಕುರ್ಸುರಾ ನವೆಂಬರ್‌ದಾಗೇ ಅರಬ್ಬೀ ಸಮುದ್ರದಾಗ ಹೋಗಿ ಕಾವಲು ಕುಂತಿದ್ಲು. ನವೆಂಬರ್ 30ಕ್ಕ ನೀವಿಬ್ಬರೂ ನಡುಸಮುದ್ರದಾಗ ಭೇಟಿ ಆದ್ರಿ. ಆಕಿ ನಿನಗ ಸೂಚನಾ ದಾಟಿಸಿ ಡಿಸೆಂಬರ್ 4ಕ್ಕ ಮುಂಬೈಗೆ ಬಂದ್ಲು, ನೀ ಅಲ್ಲೇ ಉಳಿದಿ. ನಿನ್ನ ಕ್ಯಾಪ್ಟನ್ ಆಗ ಕಮಾಂಡರ್ ವಿಜಯ್ ಸಿಂಗ್ ಶೇಖಾವತ್. ರೀಗಾದಿಂದ ನಿನ್ನ ಕರ್ಕೊಂಡು ಬಂದ ತಂಡದಾಗೂ ಇದ್ದವರು ಅವರು, ನಿನ್ನ ಒಂದೊಂದು ಮೊಳಿ ಗುರ್ತಿದ್ದವರು.

ಡಿಸೆಂಬರ್ 4ರ ರಾತ್ರಿ ನಮ್ಮ ಕ್ಷಿಪಣಿ ದೋಣಿಗಳು, ನಿಪಾತ್, ನಿರ್ಘಾತ್, ವೀರ್, ಕರಾಚಿ ಬಾಗಿಲಿಗೆ ಹೋಗಿ ಹೊಡೆದು ಬಂದ್ವು. ಇವತ್ತಿಗೂ ಆ ದಿನಾನೇ ನೌಕಾಪಡೆ ದಿನ. ಅದರ ಹಿಂದಿನ ರಾತ್ರೀನೇ ಇನ್ನೊಂದು ದಂಡಿಗೆ, ನಿಮ್ಮ ಮನಿ ಇದ್ದ ವಿಶಾಖಪಟ್ಟಣದ ಬಾಗಿಲಾಗೇ, ಪಾಕಿಸ್ತಾನದ ಜಲಾಂತರ್ಗಾಮಿ ಘಾಜಿ ಮುಳುಗಿದ್ಲು. ಆಕಿ ಒಳಗಿದ್ದವರೊಳಗ ಒಬ್ಬರೂ ಉಳೀಲಿಲ್ಲ. ಅಂಗಳದಾಗ ಕುಂತವರು ಚಪ್ಪಾಳಿ ಹೊಡೆದ್ರು. ನಾನೂ ಹೊಡೆದೆ. ಆಮ್ಯಾಲ 9ನೇ ತಾರೀಖಿನ ರಾತ್ರಿ ದೀವ್ ಕಡೆಯ ನೀರಾಗ ಪಾಕಿಸ್ತಾನದ ಹಂಗೋರ್ ಅನ್ನೋ ಜಲಾಂತರ್ಗಾಮಿ ನಮ್ಮ ಯುದ್ಧನೌಕೆ ಖುಕ್ರಿಗೆ ಟಾರ್ಪೆಡೊ ಹೊಡೀತು. 18 ಅಧಿಕಾರಿಗಳು, 176 ನಾವಿಕರು ಹೋದ್ರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಆ ಸುದ್ದಿ ಬಂದ ದಿನ ಅಂಗಳದಾಗ ಯಾರೂ ಮಾತಾಡಲಿಲ್ಲ, ರೇಡಿಯೋ ಇದ್ದ ಮನಿಯವರು ಅದನ್ನ ಬಂದ್ ಮಾಡಿ ಒಳಗ ಹೋದ್ರು. ಸತ್ತವರೊಳಗ ಆ ಪೆಪ್ಪರಮಿಂಟ್ ಕೊಟ್ಟಾವ ಇದ್ದಾನೇನೋ ಅಂತ ನಾ ರಾತ್ರಿ ಇಡೀ ಅತ್ತೆ.

ಇಷ್ಟೆಲ್ಲ ಹೆಸರು ಬಂದ್ವಲ್ಲ. ನಿನ್ನ ಹೆಸರು ಒಂದು ಸಲಾನೂ ಬರಲಿಲ್ಲ, ಕರಂಜ್. ಬರೋ ಹಂಗೂ ಇರಲಿಲ್ಲ. ನೀ ಎಲ್ಲಿದ್ದಿ ಅನ್ನೋದು ಯಾರಿಗೂ ಗೊತ್ತಾಗಬಾರದು ಅನ್ನೋದೇ ನಿನ್ನ ಕೆಲಸ.

ನಿಮಗ ಹಾಕಿದ್ದ ಕಟ್ಟಳಿ ಏನಂತ ನಾ ಓದಿ ತಿಳ್ಕೊಂಡದ್ದು ಎಷ್ಟೋ ವರ್ಷದ ಮ್ಯಾಲ. ಎದುರಿಗೆ ಬಂದದ್ದು ವೈರಿ ಹಡಗೇ ಅಂತ ಖಾತ್ರಿ ಗುರ್ತು ಸಿಕ್ಕ ಹೊರತು ಟಾರ್ಪೆಡೊ ಬಿಡಬಾರದು. ವ್ಯಾಪಾರದ ಹಡಗು ಕಂಡ್ರ, ಮ್ಯಾಲಿನಿಂದ ಪ್ರತ್ಯೇಕ ಹುಕುಂ ಬರೋ ತನಕ ಮುಟ್ಟಬಾರದು. ಹೇಳಲಿಕ್ಕೆ ಎರಡು ಮಾತು. ಆದ್ರ ಕರಾಚಿ ಕಡೆಯ ಆ ನೀರಾಗ ಹತ್ತಾರು ದೇಶದ ಹಡಗುಗೋಳು ಹಗಲು ರಾತ್ರಿ ಓಡಾಡ್ತಾವ. ಮೊದಲ ಸೋನಾರ್ ಮುಂದ ಕುಂತ ಹುಡುಗನ ಕಿವಿಗೆ ಪ್ರೊಪೆಲ್ಲರ್ ಸಪ್ಪಳ ಬೀಳ್ತದ. ಅದರ ಲಯ ಎಣಿಸಿ ಎಷ್ಟು ಜೋರು ಬರಲತ್ತದ ಅಂತ ಹೇಳ್ತಾನ. ಸಪ್ಪಳಕ್ಕ ಬಾವುಟ ಇರೋದಿಲ್ಲ. ಪೆರಿಸ್ಕೋಪ್ ಏರಿಸಬೇಕು, ಅದೂ ಬರೇ ಕೆಲವು ಸೆಕೆಂಡು. ಹೆಚ್ಚು ಹೊತ್ತು ಇಟ್ರ ನೀರಾಗ ಅದು ಎಳೆಯೋ ಗೆರಿ ವಿಮಾನಕ್ಕ ಕಾಣಸ್ತದ. ರಾತ್ರಿ ಆದ್ರ ಒಳಗೆಲ್ಲ ಕೆಂಪು ದೀಪ ಹಚ್ಚಿ ಕಣ್ಣಿಗೆ ಕತ್ತಲಿ ರೂಢಿ ಮಾಡಿಸಬೇಕು. ಆ ಕೆಲವು ಸೆಕೆಂಡಿನಾಗ, ತೆರಿ ಏರಿಳಿಯೋ ಒಂದು ಗಾಜಿನೊಳಗ, ಕರ್ರಗ ಕಾಣೋ ಒಂದು ಆಕಾರ ನೋಡಿ, ಇದು ಯುದ್ಧನೌಕೆಯೋ ಎಣ್ಣಿ ಹಡಗೋ, ಯಾರ ದೇಶದ್ದು, ಒಳಗ ಯಾರಿದ್ದಾರ ಅಂತ ಗುರ್ತು ಹಿಡೀಬೇಕು. ತಪ್ಪಿದ್ರ ಎರಡೂ ಕಡೆ ಅನಾಹುತ: ಬಿಡಬಾರದ್ದಕ್ಕ ಬಿಟ್ರ ಯುದ್ಧಕ್ಕ ಸಂಬಂಧ ಇಲ್ಲದ ಮಂದಿ ಸಾಯ್ತಾರ, ಬಿಡಬೇಕಾದ್ದಕ್ಕ ಬಿಡದಿದ್ರ ಅದೇ ಹಡಗು ತಿರುಗಿ ನಿಮ್ಮನ್ನ ಹುಡುಕ್ಕೊಂಡು ಬರ್ತದ.

ನೀನು, ಕುರ್ಸುರಾ ಇಬ್ಬರೂ ಆ ಯುದ್ಧದಾಗ ಒಂದು ಹಡಗನ್ನೂ ಮುಳುಗಿಸಲಿಲ್ಲ.

ಇದನ್ನ ಕೆಲವರು ಒಂದು ಕೊರತಿ ಹಂಗ ಹೇಳೋದು ಕೇಳೀನಿ. ಸಬ್‌ಮರೀನ್ ಅಂದಮ್ಯಾಲ ಮುಳುಗಿಸಬೇಕು, ಇಲ್ಲಂದ್ರ ಏನ್ ಮಾಡಿದಂಗಾತು ಅಂತ. ನನಗ ಆ ಮಾತು ಕೇಳಿದ್ರ ಮೈ ಉರೀತದ. ಇಪ್ಪತ್ತು ಇಪ್ಪತ್ತೈದರ ಹುಡುಗರು, ಟಾರ್ಪೆಡೊ ತುಂಬಿ ಸಜ್ಜಾಗಿ ಕುಂತವರು, ಅತ್ತ ಖುಕ್ರಿ ಹೋತು ಅಂತ ಕೇಳಿದವರು. ಅವರ ರಕ್ತ ಕುದ್ದಿರಲಿಲ್ಲೇನು? ಆದ್ರೂ ಖಾತ್ರಿ ಇಲ್ಲದ ಹಡಗಿನ ಮ್ಯಾಲ ಕೈ ಎತ್ತಲಿಲ್ಲ. ಆ ದಿನದಾಗ ನಿನ್ನ ಕಣ್ಣ ಮುಂದ ಹಾದು ಹೋದ ಹಡಗುಗೋಳೊಳಗ ಎಷ್ಟು ಮಂದಿ ಇದ್ರೋ, ಯಾವ್ಯಾವ ಊರಿನವರೋ. ತಮ್ಮ ಬಂದರ ಮುಟ್ಟಿ, ಮನಿಗೆ ಹೋಗಿ, ಮಕ್ಕಳ ಮುಖ ನೋಡಿರ್ತಾರ. ತಮ್ಮ ಕೆಳಗ ನೀ ಇದ್ದಿ ಅನ್ನೋದು ಅವರಿಗೆ ಸಾಯೋತನಕ ಗೊತ್ತಾಗಲಿಲ್ಲ. ಮುಳುಗಿಸಿದ ಹಡಗಿನ ಲೆಕ್ಕ ಎಲ್ಲಾ ಪುಸ್ತಕದಾಗ ಅದ. ಮುಳುಗಿಸದೆ ಬಿಟ್ಟ ಹಡಗಿನ ಲೆಕ್ಕ ಯಾವ ಪುಸ್ತಕದಾಗ ಬರೀತಾರ ಕರಂಜ್? ಇನ್ನೊಂದು ಕಡೆ, ಕರಾಚಿಯಿಂದ ಹೊರಗ ಬರೋ ಹಡಗಿನವರಿಗೆ ನೀರಿನ ಕೆಳಗ ಯಾರೋ ಕುಂತಾರ ಅನ್ನೋ ಅಂಜಿಕಿಯೇ ಸಾಕಿತ್ತು. ಅದೂ ಯುದ್ಧದ ಕೆಲಸಾನೇ.

ಸರ್ಕಾರಕ್ಕ ಇದು ತಿಳಿದಿತ್ತು, ಅದೊಂದು ಸಮಾಧಾನ. ನಿನ್ನ ತಂಡದೊಳಗ ಇಬ್ಬರು ಅಧಿಕಾರಿಗಳಿಗೆ, 13 ಮಂದಿ ನಾವಿಕರಿಗೆ ಗೌರವ ಸಿಕ್ಕಿತು. ಶೇಖಾವತ್ ಅವರಿಗೆ ವೀರಚಕ್ರ. ಮುಂದ ಅವರು ಇಡೀ ನೌಕಾಪಡೆಗೇ ದೊಡ್ಡವರಾದ್ರು, 1993ರಿಂದ 1996ರ ತನಕ ನೌಕಾಪಡೆಯ ಮುಖ್ಯಸ್ಥರಾಗಿದ್ರು. ಅಂಥ ದೊಡ್ಡ ಕುರ್ಚಿ ಮ್ಯಾಲ ಕುಂತಾಗ ಅವರಿಗೆ ನಿನ್ನ ಸಣ್ಣ ಖೋಲಿ ನೆನಪಾಗ್ತಿತ್ತೇನು? ಆಗ್ತಿತ್ತು ಅಂತ ನನ್ನ ಮನಸ್ಸು ಹೇಳ್ತದ. ಯಾಕಂತ ಮುಂದ ಹೇಳ್ತೀನಿ.

ನಿನ್ನ ಮೊದಲ ಯಜಮಾನರು ಸಾಮಂತ್ ಏನಾದ್ರು ಅಂತ ನಿನಗ ಯಾರರ ಹೇಳಿದ್ರೇನು? ಕೇಳು. 1971ರ ಮಾರ್ಚ್‌ದಾಗ ಫ್ರಾನ್ಸಿನ ಟುಲಾನ್ ಬಂದರದಾಗ ಪಾಕಿಸ್ತಾನದ ಮಾಂಗ್ರೋ ಅನ್ನೋ ಜಲಾಂತರ್ಗಾಮಿ ಇತ್ತು. ಪೂರ್ವ ಪಾಕಿಸ್ತಾನದ ಢಾಕಾದಾಗ ತಮ್ಮ ಮಂದಿ ಮ್ಯಾಲ ಗುಂಡು ಹಾರಿದ ಸುದ್ದಿ ಕೇಳಿ ಅದರೊಳಗಿನ ಬಂಗಾಳಿ ಹುಡುಗರು ಸಿಡಿದು ಹೊರಗ ಬಂದ್ರು. ಎಂಟು ಮಂದಿ ಸ್ಪೇನ್ ಹಾದು ಭಾರತ ಮುಟ್ಟಿದ್ರು. ಅವರನ್ನ ಮುಂದಿಟ್ಕೊಂಡು ಪ್ಲಾಸಿಯ ಹತ್ರ, ಭಾಗೀರಥಿ ದಂಡಿ ಮ್ಯಾಲ, ಬಾಂಗ್ಲಾದ ರೈತರ ಮಕ್ಕಳಿಗೆ, ಕಾಲೇಜು ಹುಡುಗರಿಗೆ ಈಜು ಕಲಿಸಿ, ಎದಿಗೆ ಸಿಡಿಮದ್ದು ಕಟ್ಕೊಂಡು ಹೋಗಿ ಹಡಗಿನ ಹೊಟ್ಟಿಗೆ ಹಚ್ಚಿ ಬರೋದು ಕಲಿಸಿದ್ರು. ಆ ಗುಪ್ತ ಕಾರ್ಯಾಚರಣೆ ನಡೆಸಿದವರೊಳಗ ನಿನ್ನ ಸಾಮಂತ್ ಮುಖ್ಯರು. ಆಗಸ್ಟ್ ನಡುವ ಒಂದೇ ರಾತ್ರಿ ಚಿತ್ತಗಾಂವ್, ಮೊಂಗ್ಲಾ, ಚಾಂದಪುರ, ನಾರಾಯಣಗಂಜ್ ಬಂದರಗಳೊಳಗ ಹಡಗು ಸಿಡಿದ್ವು. ಅದಕ್ಕ ಸೂಚನಾ ಹ್ಯಾಂಗ ಹೋತು ಅಂತೀ? ಆಕಾಶವಾಣಿ ಕೋಲ್ಕತ್ತಾದಿಂದ ಎರಡು ಹಾಡು! ಮೊದಲನೇದಕ್ಕ ತಯಾರಾಗಬೇಕು, ಎರಡನೇದಕ್ಕ ಹೊರಡಬೇಕು. ನಮ್ಮಂಗ ಅಂಗಳದಾಗ ಕುಂತು ಆ ಹಾಡು ಕೇಳಿದವರಿಗೆ ಏನೂ ಗೊತ್ತಾಗಿರಲಿಕ್ಕಿಲ್ಲ.

ಡಿಸೆಂಬರ್‌ದಾಗ ಸಾಮಂತ್ ಮೂರು ಸಣ್ಣ ದೋಣಿ, ಪನ್ವೇಲ್, ಪದ್ಮಾ, ಪಲಾಶ್, ತಗೊಂಡು ಮೊಂಗ್ಲಾ, ಖುಲ್ನಾ ನದಿಯೊಳಗೇ ನುಗ್ಗಿದ್ರು. ಖುಲ್ನಾದಾಗ ನಮ್ಮದೇ ವಿಮಾನಗಳು ಗುರ್ತು ಹಿಡೀದೆ ಪದ್ಮಾ, ಪಲಾಶ್ ಮ್ಯಾಲ ಹೊಡೆದ್ವು, ಎರಡೂ ಹೋದ್ವು. ನೋಡು ಕರಂಜ್, ಅಲ್ಲಿ ಮುಗಿಲ ಮ್ಯಾಲ ಹಗಲ ಬೆಳಕಿನಾಗ ಗುರ್ತು ತಪ್ಪಿ ನಮ್ಮವರ ಜೀವಾನೇ ಹೋತು. ನೀ ಕತ್ತಲಾಗ, ನೀರಿನ ಕೆಳಗ, ಗುರ್ತು ಸಿಗೋ ತನಕ ತಡೆದಿ. ನಿಮ್ಮಿಬ್ಬರ ಕಥಿ ಜೋಡಿಸಿ ಓದಿದಾಗ ನಿನ್ನ ಆ ತಡೆದ ಕೈಯ ತೂಕ ನನಗ ತಿಳಿದದ್ದು. ಸಾಮಂತ್ ಅವರಿಗೆ ಮಹಾವೀರ ಚಕ್ರ ಬಂತು. ಹೊಸದಾಗಿ ಹುಟ್ಟಿದ ಬಾಂಗ್ಲಾದೇಶದ ನೌಕಾಪಡೆ ಕಟ್ಟಿ ನಿಲ್ಲಿಸೋ ಹೊಣಿಯೂ ಮೊದಲಿಗೆ ಅವರ ಮ್ಯಾಲೇ ಬಿತ್ತು. 2019ರ ಮಾರ್ಚ್‌ದಾಗ ಅವರು ತೀರಿಕೊಂಡ್ರು. ಈ ಸುದ್ದಿ ನಿನಗ ನನ್ನಿಂದಲೇ ಮುಟ್ಟಲತ್ತಿದ್ರ ಮನಸ್ಸಿಗೆ ಹಚ್ಕೋಬ್ಯಾಡ, ತುಂಬಿದ ವಯಸ್ಸು.

2021ರ ಮಾರ್ಚ್ 10ಕ್ಕ ಮುಂಬೈದಾಗ ನಿನ್ನ ಹೆಸರಿಟ್ಟು ಹೊಸ ಜಲಾಂತರ್ಗಾಮಿ ಒಂದನ್ನ ನೌಕಾಪಡೆಗೆ ಸೇರಿಸಿಕೊಂಡ್ರು. ಮಜಗಾಂವ್ ಡಾಕ್‌ದಾಗ ನಮ್ಮವರೇ ಕಟ್ಟಿದ್ದು. ಟಿವಿಯೊಳಗ ನೋಡಿದೆ. ಮುಖ್ಯ ಅತಿಥಿ ಅಂತ ಕರೆಸಿದ್ದು ಯಾರನ್ನ ಗೊತ್ತೇನು? ನಿನ್ನ ಶೇಖಾವತ್ ಅವರನ್ನ. ಯುದ್ಧ ಆಗಿ ಐವತ್ತನೇ ವರ್ಷ ನಡೀಲತ್ತಿತ್ತು. ವಯಸ್ಸಾದ ಆ ಮನಷ್ಯಾ ಹೊಸ ಕರಂಜ್ ಮುಂದ ಬಂದು ನಿಂತಾಗ ನನಗ ಕಂಡದ್ದು ನೀನೇ. ಅದಕ್ಕೇ ಅಂದದ್ದು, ಅವರು ನಿನ್ನ ಮರೆತಿರಲಿಕ್ಕಿಲ್ಲ ಅಂತ. ನಾ ಒಬ್ಬಾಕಿನೇ ಟಿವಿ ಮುಂದ ಕುಂತು ಕಣ್ಣು ಒರೆಸಿಕೊಂಡೆ.

ಒಂದು ಮಾತು ನಿನಗಂತ ಬಚ್ಚಿಟ್ಕೊಂಡೀನಿ, ಮನಿಯೊಳಗ ಯಾರಿಗೂ ಹೇಳಿಲ್ಲ. ಸಣ್ಣಾಕಿದ್ದಾಗ ನನಗ ನಿನ್ನೊಳಗ ಬರಬೇಕು ಅನ್ನೋ ಹುಚ್ಚಿತ್ತು. ನಮ್ಮ ಕಡೆಯ ಗಂಡು ಹುಡುಗರು ವಿಜಯಪುರದ ಸೈನಿಕ ಸಾಲಿಗೆ ಪರೀಕ್ಷಾ ಬರೀತಿದ್ರು, ಅದು 1963ರಾಗ ಸುರು ಆಗಿತ್ತು. ನಾನೂ ಬರೀತೀನಿ ಅಂದಾಗ ಅಪ್ಪ ನಗಲಿಲ್ಲ, ಬೈಯಲಿಲ್ಲ. ‘ಹೆಣ್ಣುಮಕ್ಕಳನ್ನ ತಗೊಳ್ಳೋದಿಲ್ಲವ್ವ’ ಅಂತ ಮೆತ್ತಗ ಅಂದು ಲಾಟೀನು ಹಿಡಕೊಂಡು ಡ್ಯೂಟಿಗೆ ಹೋದ. ನೌಕಾಪಡೆ ಹೆಣ್ಣುಮಕ್ಕಳನ್ನ ಅಧಿಕಾರಿಗಳಾಗಿ ಬ್ಯಾರೆ ಬ್ಯಾರೆ ವಿಭಾಗಕ್ಕ ತಗೊಳ್ಳಲಿಕ್ಕೆ ಸುರು ಮಾಡಿದ್ದು 1992ರಾಗ. ಅಷ್ಟೊತ್ತಿಗೆ ನಾ ಚಿತ್ತಾಪುರದಾಗ ಅಕ್ಷಾಂಶ ರೇಖಾಂಶ ಹೇಳಿಕೊಡಲತ್ತಿದ್ದೆ. ನಿನ್ನ ಬಾಗಿಲಂತೂ ನೀ ಇರೋ ತನಕ ನಮಗ ತೆರೀಲಿಲ್ಲ. ಈ ಒಂದು ವಿಷಯದಾಗ ನನಗ ನಿನ್ನ ಮ್ಯಾಲ ಖರೇನೇ ಸಿಟ್ಟದ. 75 ಮಂದಿ ಗಂಡಸರನ್ನ ಹೊಟ್ಟಿಯೊಳಗ ಹೊತ್ತು ಆಫ್ರಿಕಾ ಸುತ್ತಿದಾಕಿ, ಒಬ್ಬ ಹುಡುಗಿಗೆ ಜಾಗ ಇರಲಿಲ್ಲೇನು ನಿನ್ನ ಹಂತೇಲಿ?

ಕಾರವಾರಕ್ಕ ಹೋದಾಗ ಠಾಗೋರ್ ಬೀಚಿನ ಮ್ಯಾಲ ಚಪಲ್ ಅನ್ನೋ ಕ್ಷಿಪಣಿ ದೋಣಿ ನಿಲ್ಲಿಸಿದ್ದು ನೋಡಿದೆ. ನಮ್ಮ ರಾಜ್ಯದ ಮಕ್ಕಳು ಹತ್ತಿ ಇಳಿದು ಆಡ್ತಾರ. ಅಲ್ಲಿ ನಿನಗೊಂದು ಜಾಗ ಬೇಕಿತ್ತು. ನಮ್ಮ ಸೇಡಂ, ಚಿಂಚೋಳಿ ಮಕ್ಕಳು ಬಸ್ಸು ಹತ್ತಿ ಬಂದು ನಿನ್ನ ಕಿಂಡಿಯೊಳಗ ತೂರಿ, ‘ಇಷ್ಟು ಸಣ್ಣ ಜಾಗದಾಗ ಹ್ಯಾಂಗಿದ್ರು?’ ಅಂತ ಕೇಳಬೇಕಿತ್ತು.

ಹೋಗಲಿ. ಸುದ್ದಿ ಇನ್ನೊಂದದ. ನಮ್ಮ ಓಣಿಯೊಳಗ ಒಬ್ಬ ಹುಡುಗಿ ಇದ್ದಾಳ, ಪಿಯುಸಿ ಸೈನ್ಸ್. ನೇವಿ ಪರೀಕ್ಷಾಕ್ಕ ತಯಾರಿ ನಡಿಸ್ಯಾಳ. ಮುಂಜಾನೆ ಐದಕ್ಕ ಎದ್ದು ರೇಲ್ವೆ ಹಳಿ ಮಗ್ಗಲ ದಾರಿಯೊಳಗ ಓಡ್ತಾಳ, ಸಂಜಿಕ ಭೂಪಟ ತಗೊಂಡು ನನ್ನ ಹಂತೇಲಿ ಬರ್ತಾಳ. ಈಜು ಮಾತ್ರ ಬರೋದಿಲ್ಲ. ಈ ಸೀಮಿಯೊಳಗ ಕಲೀಲಿಕ್ಕೆ ನೀರೆಲ್ಲದ? ಬ್ಯಾಸಗಿ ಸೂಟಿಯೊಳಗ ಕಲಬುರಗಿಗೆ ಕಳಿಸಿ ಕಲಿಸಬೇಕಂತ ಅವರ ಅವ್ವನ ಮುಂದ ಹಟ ಹಿಡಿದೀನಿ. ಆಕಿಗೆ ನಿನ್ನ ಕಥಿ ರೀಗಾ ತನಕ ಹೇಳಿ ಮುಗಿಸೀನಿ, ಯುದ್ಧದ ಭಾಗ ಇನ್ನೂ ಬಾಕಿ ಅದ. ನೀ ಹಡಗು ಮುಳುಗಿಸಲಿಲ್ಲ ಅಂತ ಹೇಳಿದಾಗ ಆಕಿ ‘ಯಾಕ ಟೀಚರ್?’ ಅಂತ ಕೇಳೇ ಕೇಳ್ತಾಳ. ಅದಕ್ಕ ಉತ್ತರ ಈ ಕಾಗದದಾಗ ಬರೆದಿಟ್ಟೀನಿ, ಆಕಿ ಕೈಗೂ ಒಂದು ಪ್ರತಿ ಕೊಡ್ತೀನಿ. ಡಿಸೆಂಬರ್ 8, ಜಲಾಂತರ್ಗಾಮಿ ದಿನ. ಅವತ್ತಿಗೆ ಆಕಿನ್ನ ಕರ್ಕೊಂಡು ವಿಶಾಖಪಟ್ಟಣಕ್ಕ ಹೊಂಟೀನಿ, ರಿಜರ್ವೇಶನ್ ಆಗ್ಯಾದ. ಕುರ್ಸುರಾಗೆ ಏನರ ಹೇಳಿ ಕಳಿಸೋದಿದ್ರ ಅಷ್ಟರೊಳಗ ತಿಳಿಸು.

ಇಂತಿ ನಿನ್ನ,
ವಾಡಿ ಪಾಯಿಂಟ್ಸ್‌ಮನ್ನನ ಮಗಳು
ಸೇಡಂ